ಎದುರಿನ ಹಿಡಿ

ಭುಜದ ವಿಷಯ ನಿಮಗೆ ಯಾರು ಹೇಳಿದರು ಎಂದು ಬೆಟ್ಟಯ್ಯ, ಮರದ ಕಂಟ್ರಾಕ್ಟರ್ ಜಗದೀಶನನ್ನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಟೀ ಲೋಟ ಇಟ್ಟುಕೊಂಡು, ಮಫ್ಲರನ್ನು ಕಿವಿಯವರೆಗೆ ಎಳೆದುಕೊಂಡು, ಚಳಿಯ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಜಗದೀಶ್ ಹೇಳಿದ್ದ: "ಬೆಟ್ಟಯ್ಯ, ನಿನ್ನ ಬಲಭುಜ ಹೋಗಿದೆಯಂತಲ್ಲ. ಒಂದು ವರ್ಷ ಆಯ್ತಂತೆ. ಮೊದ್ಲೇ ಹೇಳ್ಬಾರ್ದಾ? ಇವತ್ತಿಂದ ನೀನು ಹಗ್ಗ ನೋಡ್ಕೋ. ಗರಗಸಕ್ಕೆ ಮಾದನ್ ಕೂತ್ಕೋತಾನೆ." ಬೆಟ್ಟಯ್ಯ "ಆಯ್ತು ಸಾರ್" ಎಂದ. ಅಷ್ಟು ಬೇಗ, ಅಷ್ಟು ವಿಧೇಯವಾಗಿ ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಕೊಂಚ ಆಚೆ, ಚಹಾ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ನಂಜುಂಡನ್ ಗರಗಸದ ಅಲಗಿಗೆ ಸೀಮೆಎಣ್ಣೆ ಬಟ್ಟೆ ಉಜ್ಜುತ್ತಿದ್ದ. ಬೆನ್ನು ಈ ಕಡೆಗಿತ್ತು. ಉಜ್ಜಿದ ಜಾಗವನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದ. ಎಲ್ಲಾ ಕೇಳಿಸಿಕೊಂಡಿದ್ದಾನೆ ಎಂದು ಬೆಟ್ಟಯ್ಯನಿಗೆ ಗೊತ್ತಾಯಿತು.

ಹೆಂಡತಿ ಪುಷ್ಪಾಗೂ ಪೂರ್ತಿ ಗೊತ್ತಿರದ ವಿಷಯ ಅದು. ಇಡೀ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಗೊತ್ತಾಗುವುದಕ್ಕೆ ಸಾಧ್ಯವಿದ್ದದ್ದೂ ಅವನೊಬ್ಬನಿಗೇ. ಕ್ರಾಸ್‌ಕಟ್ ಗರಗಸ ಎಂದರೆ ಮರದ ಎಳೆಗೆ ಅಡ್ಡವಾಗಿ ಕುಯ್ಯುವ ಗರಗಸ. ಆಳುದ್ದದ ಅಲಗು, ಎರಡು ತುದಿಗೆ ಎರಡು ಮರದ ಹಿಡಿ, ಹಿಡಿಗೊಬ್ಬ ಆಳು. ಹಲಗೆ ಸೀಳುವ ಉದ್ದ ಗರಗಸದಲ್ಲಾದರೆ ಒಬ್ಬ ದಿಮ್ಮಿಯ ಮೇಲೆ ನಿಂತಿರುತ್ತಾನೆ, ಇನ್ನೊಬ್ಬ ಕೆಳಗೆ ಗುಂಡಿಯಲ್ಲಿ. ಮೇಲಿನವನು ಗೆರೆ ನೋಡುತ್ತಾನೆ, ಕೆಳಗಿನವನು ಕಣ್ಣಿಗೆ ಹೊಟ್ಟು ತುಂಬಿಸಿಕೊಳ್ಳುತ್ತಾನೆ. ಯಾರ ಪಾಡು ಏನು ಎಂದು ದಾರಿಹೋಕನಿಗೂ ಕಾಣುತ್ತದೆ. ಕ್ರಾಸ್‌ಕಟ್‌ನಲ್ಲಿ ಹಾಗಲ್ಲ. ಮರದ ಈ ಬದಿಗೊಬ್ಬ, ಆ ಬದಿಗೊಬ್ಬ ಮಂಡಿಯೂರಿ ಕೂರುತ್ತಾರೆ. ಇವನು ಎಳೆಯುವಾಗ ಅವನು ಕೈ ಸಡಿಲ ಬಿಡಬೇಕು, ಅವನು ಎಳೆಯುವಾಗ ಇವನು. ತಳ್ಳುವುದೆಂಬುದೇ ಇಲ್ಲ, ತಳ್ಳಿದರೆ ಅಲಗು ಬಾಗುತ್ತದೆ. ಹೊರಗಿನಿಂದ ನೋಡುವವರಿಗೆ ನಾಲ್ಕು ಕೈ ಹಿಂದೆ ಮುಂದೆ ಹೋಗುವುದು ಬಿಟ್ಟರೆ ಇನ್ನೇನೂ ಕಾಣದು. ಯಾರು ಎಷ್ಟು ಎಳೆದರು ಎನ್ನುವುದು ಆ ಎರಡು ಹಿಡಿಗಳ ನಡುವಿನ ಮಾತು. ಮರದ ಅಡ್ಡದಿಂದಾಗಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎದುರಿನವನು ಬೆಳಿಗ್ಗೆ ಉಂಡಿದ್ದಾನೋ ಇಲ್ಲವೋ, ರಾತ್ರಿ ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೋ, ಎಲ್ಲಾ ಅಂಗೈಗೆ ತಿಳಿಯುತ್ತದೆ. ಮದುವೆಯಾದ ಹೊಸತರಲ್ಲಿ ಪುಷ್ಪಾ ಛೇಡಿಸುತ್ತಿದ್ದಳು, "ನೀವು ತಾಳಿ ಕಟ್ಟಿದ್ದು ನನಗಾ, ಆ ನಂಜುಂಡಣ್ಣನಿಗಾ?" ಎಂದು.

ಹಾಗಾದರೆ ನಂಜುಂಡನ್ ಹೇಳಿದ. ಹೇಳಿಬಿಟ್ಟ. ಬೆಟ್ಟಯ್ಯ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರು ಹತ್ತಿದ. ಹಾಕಿಕೊಂಡದ್ದು ಎಡ ಹೆಗಲಿಗೆ ಎಂಬುದನ್ನು ಗಮನಿಸಿ, ಜಗದೀಶ್ ನೋಡುತ್ತಿರಬಹುದೆಂದು ಬಲಕ್ಕೆ ಬದಲಾಯಿಸಿಕೊಂಡ. ಆಮೇಲೆ ಈ ನಾಟಕ ಯಾರಿಗೆ ಎಂದು ತನ್ನ ಮೇಲೇ ಸಿಟ್ಟು ಬಂತು. ಚಹಾ ಎಲೆಯ ರೇಟು ನೆಲಕಚ್ಚಿದ ವರ್ಷ ಅದು. ಇತ್ತಲಾರಿನ ಸುತ್ತ ಸಣ್ಣ ತೋಟದವರೆಲ್ಲ ಚಹಾದ ನಡುವೆ ನೆರಳಿಗೆಂದು ಬೆಳೆಸಿದ್ದ ಸಿಲ್ವರ್ ಓಕುಗಳನ್ನು ಮಾರತೊಡಗಿದ್ದರು. ಗರಗಸದವರಿಗೆ ಕೈತುಂಬ ಕೆಲಸ. ಅಂಥ ಹೊತ್ತಿನಲ್ಲಿ, ಮರವನ್ನು ಬೀಳಬೇಕಾದ ಕಡೆಗೆ ಎಳೆಯುವ ಹಗ್ಗ ಹಿಡಿಯುವುದೆಂದರೆ ಏನು ಅಂತ ಬೆಟ್ಟಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹಗ್ಗಕ್ಕೆ ಯಾರು ಬೇಕಾದರೂ ಆಗುತ್ತದೆ. ಇಂದು ಬೆಟ್ಟಯ್ಯ, ನಾಳೆ ಬಸ್‌ಸ್ಟಾಪಿನಲ್ಲಿ ಬೀಡಿ ಸೇದುತ್ತ ನಿಂತ ಯಾರೋ. ಹೊಸ ಬೆಟ್ಟಕ್ಕೆ ಕೆಲಸಕ್ಕೆ ಹೋದಾಗ ಊರವರು ಕೇಳುವುದು ಗರಗಸದವರು ಯಾರು ಎಂದೇ. ಬೆಟ್ಟಯ್ಯ-ನಂಜುಂಡನ್ ಎನ್ನುತ್ತಿದ್ದರು, ಒಂದೇ ಹೆಸರೆಂಬಂತೆ. ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದ ಅವನಿಗೆ ಈ ಬೆಟ್ಟದಲ್ಲಿ ಒಂದು ತುಂಡು ನೆಲವಿಲ್ಲ, ನೆಂಟರಿಲ್ಲ. ಇದ್ದದ್ದು ಆ ಅರ್ಧ ಹೆಸರು. ಅದನ್ನು ನಂಜುಂಡನ್ ಕಿತ್ತುಕೊಂಡಿದ್ದಾನೆ, ಮುಖ ಕೊಟ್ಟು ಮಾತಾಡುವ ಧೈರ್ಯವೂ ಇಲ್ಲದೆ.

ಮಾದನ್ ಮಸಿನಗುಡಿ ಕಡೆಯವನು, ಮೂವತ್ತೈದರ ಗಟ್ಟಿ ಆಳು, ಎರಡು ಮಕ್ಕಳ ತಂದೆ. ಇಷ್ಟು ದಿನ ದಿಮ್ಮಿ ಹೊರುವ ಕೆಲಸ ಅವನದು. ಹಿಡಿ ಹಿಡಿದು ಕೂರುವ ಮೊದಲು ಬೆಟ್ಟಯ್ಯನ ಕಡೆ ನೋಡಿ, "ಅಣ್ಣಾ, ನಾನು ಕೇಳ್ಕೊಂಡಿದ್ದಲ್ಲ ಇದು. ಅವರೇ ಕೂತ್ಕೋ ಅಂದ್ರು" ಎಂದ. "ಕೂತ್ಕೊಳಪ್ಪಾ, ಯಾರಾದ್ರೂ ಕೂತ್ಕೋಬೇಕಲ್ಲ" ಎಂದ ಬೆಟ್ಟಯ್ಯ, ಮತ್ತು ಆ ಮಾತು ದೊಡ್ಡಮನಸ್ಸಿನದಾಗಿ ಕೇಳಿಸಲಿ ಎಂದು ಪ್ರಯತ್ನಪಟ್ಟ. ಮರ ಬೀಳುವ ಕಡೆಗೆ ಕೊಡಲಿಯವರು ಕಚ್ಚು ಹಾಕಿ ಮುಗಿಸಿದ್ದರು. ಈಗ ಹಿಂದಿನ ಬದಿಯಿಂದ ಗರಗಸ ಇಟ್ಟರು. ಪ್ರತಿ ಮರಕ್ಕೂ ಮೊದಲು ನಾಲ್ಕಾರು ಸಲ ಒತ್ತದೆ, ಬರೀ ತೊಗಟೆಯ ಮೇಲೆ ಅಲಗನ್ನು ಆಡಿಸುವುದು ಒಂದು ವಾಡಿಕೆ. ಕೈ ಕೇಳುವುದು ಎನ್ನುತ್ತಾರೆ ಅದಕ್ಕೆ. ಇಬ್ಬರಿಗೂ ಗರಗಸ ಕಲಿಸಿದ ಮುದುಕ ಮಲ್ಲ ಅದನ್ನು ದೇವರಿಗೆ ಕೈಮುಗಿಯುವಷ್ಟು ಶ್ರದ್ಧೆಯಿಂದ ಮಾಡುತ್ತಿದ್ದ. ನಂಜುಂಡನ್ ಇವತ್ತು ಕೈ ಕೇಳಲಿಲ್ಲ, ನೇರ ಕುಯ್ಯಲು ಶುರುಮಾಡಿದ. ಹೊಸ ಕೈಗೆ ಗೊತ್ತಾಗುವುದಿಲ್ಲ ಅಂತಲೋ ಏನೋ ಎಂದುಕೊಂಡು ಬೆಟ್ಟಯ್ಯ ಹಗ್ಗ ಬಿಗಿಮಾಡಿದ.

ಹಗ್ಗ ಹಿಡಿದು ನಿಲ್ಲುವವನಿಗೆ ಯೋಚನೆ ಮಾಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಸಿಟ್ಟು ಎಷ್ಟೋ ಅಷ್ಟೇ ತಪ್ಪಿತಸ್ಥ ಭಾವವೂ ಅವನೊಳಗೆ ಏಳುತ್ತಿತ್ತು. ಒಂದು ವರ್ಷ ಎಳೆದಿದ್ದಾನಲ್ಲ ನನ್ನ ಪಾಲನ್ನೂ? ಎಷ್ಟು ದಿನ ಎಳೆಯಬೇಕು ಒಬ್ಬ ಮನುಷ್ಯ? ಹೋದ ಚಳಿಗಾಲದಲ್ಲಿ, ನಂಜನಾಡಿನ ಒಂದು ಕ್ಯಾರೆಟ್ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿ ಕೂತಾಗ ಬೆಟ್ಟಯ್ಯನೇ ಬಾಯಿಬಿಟ್ಟು ಹೇಳಿದ್ದ. ಹೇಳಬಾರದ ಮಾತು ಅದು. ಗರಗಸದವರು ಭಾರ ಎಂಬ ಮಾತನ್ನು ಆಡುವುದಿಲ್ಲ. ಗರಗಸ ಭಾರ ಅನ್ನಿಸಿದರೆ ಹಲ್ಲು ನೋಡು, ಹಲ್ಲು ಸರಿಯಿದ್ದರೆ ನಿನ್ನ ಕೈ ನೋಡಿಕೋ, ಎದುರಿನವನ ಕೈಯನ್ನು ಎಂದೂ ನೋಡಬೇಡ ಎಂದು ಮಲ್ಲ ಮೊದಲ ದಿನವೇ ಹೇಳಿಕೊಟ್ಟಿದ್ದ. ಎದುರಿನವನನ್ನು ಅನುಮಾನಿಸಿದ ದಿನ ಮರ ನಿಮ್ಮ ಮೇಲೇ ಬೀಳುತ್ತದೆ ಎನ್ನುತ್ತಿದ್ದ. ಬೆಟ್ಟಯ್ಯ ಹಲ್ಲು ನೋಡಿದ್ದ, ಅರ ಹಾಕಿ ಮೊನೆ ಮಾಡಿದ್ದ, ಸೀಮೆಎಣ್ಣೆ ಜಾಸ್ತಿ ಹಾಕಿದ್ದ. ಆದರೂ ದಿನದಿನಕ್ಕೆ ಭಾರವಾಗುತ್ತಲೇ ಹೋಯಿತು. ಕೊನೆಗೆ ತನ್ನ ಕೈಯೇ ಎಂದು ಒಪ್ಪಿಕೊಂಡ. "ನಂಜುಂಡ, ನನ್ನ ಭುಜ ಮುಗೀತು ಕಣಾ. ಎಳೆಯಕ್ಕಾಗ್ತಿಲ್ಲ" ಎಂದಾಗ ನಂಜುಂಡನ್ ಬಾಯಿಗಿಟ್ಟ ತುತ್ತನ್ನು ಅಗಿಯದೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಬಡಗ ಭಾಷೆ ಬಿಟ್ಟು, ಬೆಟ್ಟಯ್ಯನಿಗಾಗಿಯೇ ಇಟ್ಟುಕೊಂಡಿದ್ದ ತನ್ನ ಕನ್ನಡದಲ್ಲಿ ಹೇಳಿದ್ದ: "ನಾ ಇದ್ದೀನಲ್ಲ. ಯಾರ್ಗೂ ಹೇಳ್ಬೇಡ, ಆತಾ?"

ಆ ಮಾತಿಗೆ ಬೆಟ್ಟಯ್ಯನ ಕಣ್ಣು ಒದ್ದೆಯಾಗಿತ್ತು. ಅಂದಿನಿಂದ ನಂಜುಂಡನಿಗಾಗಿ ಅವನು ಮಾಡಿದ್ದು ಒಂದಾ ಎರಡಾ. ಗುಡ್ಡದ ಕೆಳಬದಿಯ ಹಿಡಿ ಯಾವಾಗಲೂ ಕಷ್ಟದ್ದು, ಕಾಲಿಗೆ ಆಧಾರ ಸಿಗದು. ಸರದಿ ಬಿಟ್ಟು ಅದನ್ನು ತಾನೇ ಇಟ್ಟುಕೊಂಡ. ಗರಗಸವನ್ನು ಬಾಗಿಸಿ ಹೆಗಲ ಮೇಲೆ ಹಾಕಿ ಬೆಟ್ಟ ಹತ್ತಿಸುವುದೂ ತನ್ನದೇ ಎಂದ. ಊರಿಗೆ ಹೋದಾಗಲೆಲ್ಲ ನಂಜುಂಡನ ಮನೆಗೆ ರಾಗಿ, ಅವರೆಕಾಯಿ ತಂದ. ನಂಜುಂಡನ್ ಬೀಡಿಗೆ ಕೈ ಹಾಕಿದರೆ ಇವನು ಕಡ್ಡಿ ಗೀರುತ್ತಿದ್ದ. ಪುಷ್ಪಾ ಒಮ್ಮೆ ನೋಡಲಾರದೆ, "ಅವರೇನು ನಿಮಗೆ ಮಾವನಾ, ಇಷ್ಟು ಬಾಗ್ತೀರಿ?" ಎಂದು ಕೇಳಿದ್ದಳು. ನಿನಗೆ ಗೊತ್ತಾಗಲ್ಲ ಸುಮ್ನಿರು ಎಂದು ಗದರಿದ್ದ. ಬಾಗುವುದರಲ್ಲಿ ಒಂದು ಸುಖವೂ ಇತ್ತು ಎಂದು ಈಗ ಅನ್ನಿಸುತ್ತದೆ. ತನಗಾಗಿ ಒಬ್ಬ ಸುಮ್ಮನೆ ಎಳೆಯುತ್ತಿದ್ದಾನೆ ಎಂಬ ಸುಖ. ಈ ಚಳಿಯ ಬೆಟ್ಟದಲ್ಲಿ ಆ ನಂಬಿಕೆಯನ್ನು ಹೊದ್ದುಕೊಂಡು ಒಂದು ವರ್ಷ ಬೆಚ್ಚಗಿದ್ದ.

"ಅಯ್ಯೋ, ಏನಿದು ಹಿಂಗೆ ಭಾರ!" ಮಾದನ್ ಗಟ್ಟಿಯಾಗಿ ಕೂಗಿಬಿಟ್ಟ. ಹೊಸಬ, ವಾಡಿಕೆ ಗೊತ್ತಿಲ್ಲ. ಬೆಟ್ಟಯ್ಯ ಬೆಚ್ಚಿಬಿದ್ದ. ನಂಜುಂಡನ ದನಿ ಮರದ ಆಚೆಯಿಂದ ಬಂತು, ನಿಧಾನವಾಗಿ, ಮಾಸ್ತರನ ದನಿ: "ಹೊಸ ಕೈ ಅಲ್ಲವಾ. ಹಂಗೇ ಇರ್ತದೆ. ಎಳಿ, ಎಳಿ." ಮಾದನ್ ಎಳೆದ. ಮರ ನರಳಿ, ಬೆಟ್ಟಯ್ಯ ಎಳೆದ ಕಡೆಗೆ ಚಹಾದ ಸಾಲುಗಳ ಮಧ್ಯೆ ಬಿತ್ತು. ಎದ್ದು ನಿಂತ ಮಾದನ್ ತನ್ನ ಬಲಭುಜವನ್ನು ಎಡಗೈಯಲ್ಲಿ ಹಿಸುಕಿಕೊಳ್ಳುತ್ತಿದ್ದ. ದಿಮ್ಮಿ ಹೊತ್ತ ಆಳು, ಮೂಟೆ ಹೊತ್ತ ಆಳು, ಒಂದು ಮರಕ್ಕೆ ಹೀಗೆ ಸುಸ್ತಾಗಿದ್ದಾನೆ. ಬೆಟ್ಟಯ್ಯನಿಗೆ ಒಳಗೊಳಗೇ ಸ್ವಲ್ಪ ಸಂತೋಷವಾಯಿತು. ಗರಗಸ ಎಂದರೆ ಹುಡುಗಾಟವೇ ಎಂದುಕೊಂಡ. ಅದಕ್ಕಿಂತ ಹೆಚ್ಚಿನದೇನೂ ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ.

ಊಟವಾದ ಮೇಲೆ, ಎದುರು ಹಟ್ಟಿಯಲ್ಲಿ ಯಾರಿಗೋ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆ ಎಂದು ನಂಜುಂಡನ್ ಹೋದ. ಹಟ್ಟಿ ಅವನ ಹೆಂಡತಿಯ ಕಡೆಯವರದು. ಬಿದ್ದ ಮರವನ್ನು ಸಂಜೆಯ ಲಾರಿಗೆ ತುಂಡು ಮಾಡಬೇಕು, ಕಾಯುವ ಹಾಗಿಲ್ಲ ಎಂದು ಜಗದೀಶ್ ಗೊಣಗಿದ. "ಬೆಟ್ಟಯ್ಯ, ನಿಧಾನಕ್ಕೆ ಮಾದನ್ ಜೊತೆ ಒಂದೆರಡು ತುಂಡು ಹಾಕ್ತೀಯಾ? ಭುಜ ನೋಡ್ಕೊಂಡು ಮಾಡು." ಆ ಕಾಳಜಿ ಚಾಟಿಯೇಟಿಗಿಂತ ಚುರುಕಾಗಿತ್ತು. ಬೆಟ್ಟಯ್ಯ ಬಂದು ತನ್ನ ಹಳೆಯ ಹಿಡಿಯನ್ನು ಹಿಡಿದ. ಎದುರಿನ ಹಿಡಿಯನ್ನು ಮಾದನ್ ಹಿಡಿದ. "ಮೊದಲು ಒತ್ಬೇಡ, ಸುಮ್ನೆ ಆಡಿಸು. ನಾನು ಎಳೆದಾಗ ನಿನ್ನ ಕೈ ಸತ್ತುಹೋಗಿರಬೇಕು, ಗೊತ್ತಾಯ್ತಾ?" ಎಂದು ಬೆಟ್ಟಯ್ಯ ಹೇಳಿಕೊಟ್ಟ. ಮಾದನ್ ಹಾಗೇ ಮಾಡಿದ. ಬೆಟ್ಟಯ್ಯ ನೋವಿಗೆ ಹಲ್ಲು ಕಚ್ಚಿಕೊಂಡು ಸಿದ್ಧನಾಗಿ ಎಳೆದ, ಮತ್ತು ಹಿಂದಕ್ಕೆ ಬೀಳುವುದರಲ್ಲಿದ್ದ.

ಭಾರವೇ ಇರಲಿಲ್ಲ. ಅಲಗು ತಾನಾಗಿ ಬಂತು, ತಾನಾಗಿ ಹೋಯಿತು. ಹೊಟ್ಟು ಪುಡಿಪುಡಿಯಾಗದೆ ಉದ್ದುದ್ದ ಎಳೆಯಾಗಿ, ಶ್ಯಾವಿಗೆಯ ಹಾಗೆ, ಅವನ ಮಂಡಿಯ ಮೇಲೆ ಸುರಿಯತೊಡಗಿತು. ಭುಜದಲ್ಲಿ ನೋವು ಎಲ್ಲಿದೆ ಎಂದು ಅವನು ಹುಡುಕಿದ. ಇರಲಿಲ್ಲ, ದಿನವಿಡೀ ಭಾರ ಹೊತ್ತವನಿಗೆ ಮೂಟೆ ಇಳಿಸಿದ ಮೇಲೂ ಉಳಿಯುವಂಥ ಹಳೆಯ ದಣಿವು ಇತ್ತು ಅಷ್ಟೆ. ಕೈ ಮಾತ್ರ ಹತ್ತು ವರ್ಷದ ಹಿಂದಿನ ಕೈ. ಮೊದಲ ತುಂಡು ಬಿತ್ತು. ಎರಡನೆಯದಕ್ಕೆ ಅವನೇ ಜಾಗ ತೋರಿಸಿದ. ಮಾದನ್ ಬೆವರು ಒರೆಸಿಕೊಂಡು ನಕ್ಕ: "ನೋಡಿದ್ರಾ ಅಣ್ಣಾ, ಬೆಳಿಗ್ಗೆ ಎಷ್ಟು ಕಷ್ಟ ಆಯ್ತು. ಈಗ ನಂಗೆ ಕೈ ಬಂತು!" ಬೆಟ್ಟಯ್ಯ ಎಳೆಯುವುದನ್ನು ನಿಲ್ಲಿಸಿದ. ಗರಗಸ ದಿಮ್ಮಿಯ ನಡುವೆ ನಿಂತಿತು.

ಯೌವನದಲ್ಲಿ, ಗರಗಸ ಹಿಡಿಯುವ ಮೊದಲು, ಅವನು ಗೂಡಲೂರಿನ ಆಚೆ ದೇವಾಲದ ಗುಡ್ಡಗಳಲ್ಲಿ ಚಂದ್ರನ್ ಎಂಬವನ ಹತ್ತಿರ ಕಲ್ಲು ಹೊತ್ತಿದ್ದ. ಬಿಳಿಯರು ಅಗೆದು ಬಿಟ್ಟುಹೋದ ಸುರಂಗಗಳಲ್ಲಿ ಚಂದ್ರನ್ ಚಿನ್ನ ಹುಡುಕುತ್ತಿದ್ದ. ಅಲ್ಲೂ ಕ್ರಾಸ್‌ಕಟ್ ಎಂಬ ಮಾತಿತ್ತು, ಮುಖ್ಯ ಸುರಂಗದಿಂದ ಬಂಡೆಗೆ ಅಡ್ಡವಾಗಿ ತೋಡುವ ದಾರಿಗೆ. ಚಿನ್ನದ ಎಳೆ ಕಲ್ಲಿನಲ್ಲಿ ಉದ್ದಕ್ಕೆ ಓಡುತ್ತದೆ, ಅದರ ಪಕ್ಕದಲ್ಲೇ ಉದ್ದಕ್ಕೆ ತೋಡುತ್ತ ಹೋದರೆ ಗೇಣು ದೂರದಲ್ಲಿದ್ದರೂ ಸಾಯುವವರೆಗೆ ಸಿಗುವುದಿಲ್ಲ, ಒಮ್ಮೆ ಅಡ್ಡ ಹೊಡೆದು ನೋಡು ಎಂದು ಚಂದ್ರನ್ ದೀಪ ಎತ್ತಿ ತೋರಿಸುತ್ತಿದ್ದ. ಬೆಟ್ಟಯ್ಯನಿಗೆ ಸಿಕ್ಕಿದ್ದು ಚಿನ್ನವಲ್ಲ. ನಂಜುಂಡನ ಪಕ್ಕದಲ್ಲೇ ಇಷ್ಟು ಕಾಲ ಉದ್ದಕ್ಕೆ ನಡೆದಿದ್ದಾನೆ. ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೂತ ಅರ್ಧ ಗಂಟೆಯಲ್ಲಿ ಎಲ್ಲಾ ಬಯಲಾಯಿತು. ನಂಜುಂಡನ್ ಎಳೆಯುತ್ತಲೇ ಇರಲಿಲ್ಲ, ತನ್ನ ಸರದಿಗೆ ಅಲಗು ಮರಳುವಷ್ಟು ಮೈ ಹಿಂದಕ್ಕೆ ವಾಲಿಸುತ್ತಿದ್ದ ಅಷ್ಟೆ. ಬೆಟ್ಟಯ್ಯ ಎಳೆಯುವಾಗ ಕೈ ಬಿಡದೆ, ಹಿಡಿಯ ಮೇಲೆ ಮೈಭಾರ ಹಾಕಿ ಕೂತಿರುತ್ತಿದ್ದ. ಒಂದು ವರ್ಷ ಬೆಟ್ಟಯ್ಯ ಎಳೆದದ್ದು ಗರಗಸವನ್ನಲ್ಲ, ಗರಗಸದ ಜೊತೆ ನಂಜುಂಡನನ್ನು. ಹೊಸ ಅಂಗಿ ಹೊಲಿಯುವಾಗ ಪುಷ್ಪಾ ಟೇಪು ಹಿಡಿದು ಹೇಳಿದ್ದು ನೆನಪಾಯಿತು: "ಸವೆದ ಭುಜ ಅಂತೀರಿ. ಸವೆದಿದ್ರೆ ಅಂಗಿ ಸಡಿಲ ಆಗ್ಬೇಕಲ್ವಾ? ಬಲಗಡೆ ಬಿಗಿ ಆಗ್ತಾ ಇದೆ ನಿಮ್ದು." ಬೀದಿ ಹೆಂಗಸರಿಗೆಲ್ಲ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಕ್ರಾಸ್‌ಕಟ್ ರವಿಕೆ ಹೊಲಿದು ಹೊಲಿದು ಮೈಯ ಅಳತೆ ಅವಳ ಕಣ್ಣಿಗೆ ಕೂತಿತ್ತು. ಅವಳ ಮಾತನ್ನು ಹೆಂಗಸಿನ ಲೆಕ್ಕ ಎಂದು ತಳ್ಳಿಹಾಕಿದ್ದ.

ಆಗಬೇಕಾದಷ್ಟು ಸಿಟ್ಟು ತಕ್ಷಣ ಆಗಲಿಲ್ಲ. ಮೊದಲು ಬಂದದ್ದು ನಾಚಿಕೆ. ರಾಗಿ ನೆನಪಾಯಿತು, ಅವರೆಕಾಯಿ ನೆನಪಾಯಿತು, ಗೀರಿಕೊಟ್ಟ ಕಡ್ಡಿಗಳು ನೆನಪಾದವು. ಅದನ್ನೆಲ್ಲ ಇಸಿದುಕೊಳ್ಳುವಾಗ ನಂಜುಂಡನ ಮುಖ ಹೇಗಿತ್ತು? ಎಷ್ಟು ಜ್ಞಾಪಿಸಿಕೊಂಡರೂ ಮುಖ ಬರಲಿಲ್ಲ. ಕ್ಯಾರೆಟ್ ಹೊಲದ ಬದುವಿನಲ್ಲಿ ತುತ್ತು ಅಗಿಯದೆ ಕೂತಿದ್ದನಲ್ಲ, ಅದು ಕರುಣೆ ಎಂದು ತಿಳಿದಿದ್ದ. ಸಿಕ್ಕಿಬಿದ್ದೆ ಎಂದು ಹೆದರಿದವನ ಮೌನ ಅದು. ಇವನು ತನ್ನ ಭುಜದ ಮೇಲೇ ತಪ್ಪು ಹೊರಿಸಿಕೊಂಡಾಗ ಎಷ್ಟು ಹಗುರಾಗಿರಬೇಕು ಅವನಿಗೆ! ಇಲ್ಲ ಕಣೋ, ನಿನ್ನದಲ್ಲ, ನನ್ನದು ಎಂದು ಹೇಳುವುದಕ್ಕೆ ಅಂದು ಒಂದೇ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಅವನು ಹೇಳಿದ್ದು, ಯಾರ್ಗೂ ಹೇಳ್ಬೇಡ, ಆತಾ.

"ಅಣ್ಣಾ, ನೋವಾ?" ಮಾದನ್ ಕೇಳಿದ. "ಇಲ್ಲ" ಎಂದ ಬೆಟ್ಟಯ್ಯ. ಒಂದು ವರ್ಷದಲ್ಲಿ ಆ ಪ್ರಶ್ನೆಗೆ ಅವನು ಕೊಟ್ಟ ಮೊದಲ ನಿಜವಾದ ಉತ್ತರ ಅದು.

ದಿನದ ಕೊನೆಯ ಮರ ತೋಟದ ಯಜಮಾನಿ ಲಿಂಗಾಜಮ್ಮನ ಮನೆಯ ಹಿಂದಿತ್ತು. ಹೆಂಚಿನ ಮಾಡಿಗೆ ತಾಗುವಷ್ಟು ಹತ್ತಿರ, ಮನೆಯ ಕಡೆಗೇ ವಾಲಿದ ದೊಡ್ಡ ಮರ. ಮಾದನನ್ನು ಅದಕ್ಕೆ ಕೂರಿಸುವ ಧೈರ್ಯ ಜಗದೀಶನಿಗೆ ಬರಲಿಲ್ಲ. ಹಟ್ಟಿಯಿಂದ ವಾಪಸು ಬಂದಿದ್ದ ನಂಜುಂಡನನ್ನೂ ಬೆಟ್ಟಯ್ಯನನ್ನೂ ನೋಡಿ, "ಇದೊಂದು ಹಳೇ ಜೋಡಿಯೇ ಆಗ್ಲಿ. ನಂಜುಂಡನ್, ಸ್ವಲ್ಪ ನೀನೇ ಜಾಸ್ತಿ ಎಳ್ಕೋ" ಎಂದ. ಮಾದನ್ ಹಗ್ಗದ ತುದಿ ಹಿಡಿದು ದೂರ ಹೋದ. ಲಿಂಗಾಜಮ್ಮ ತಲೆಗೆ ಕಟ್ಟಿದ ಬಿಳಿ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ ಅಂಗಳದಲ್ಲಿ ನಿಂತಳು. ಇಬ್ಬರೂ ಮಂಡಿಯೂರಿದರು. ಮರದ ಅಡ್ಡಕ್ಕೆ ನಂಜುಂಡನ ಮುಖ ಮುಚ್ಚಿಹೋಯಿತು. ಬೆಟ್ಟಯ್ಯ ತೊಗಟೆಯ ಮೇಲೆ ಅಲಗು ಆಡಿಸಿ ಕೈ ಕೇಳಿದ, ಬೇಕೆಂದೇ, ತುಂಬ ಹೊತ್ತು. ಈ ಸಲ ಎದುರಿನ ಕೈಯನ್ನು ನೋಡುತ್ತಿದ್ದ. ಅಲ್ಲೇ ಇತ್ತು ಆ ಭಾರ. ಬಿಡಬೇಕಾದಲ್ಲಿ ಬಿಡದ, ನೀರಿಗೆ ಬಿದ್ದವನು ದಡದ ಬೇರು ಹಿಡಿದಂಥ ಹಿಡಿತ. ಒಂದು ವರ್ಷ ಇದು ತಿಳಿಯಲಿಲ್ಲವಲ್ಲ ಎಂದು ಅವನಿಗೆ ಅಳು ಬಂದ ಹಾಗಾಯಿತು.

ಅರ್ಧಕ್ಕೆ ಬಂದಾಗ ಅವನು ನಿಲ್ಲಿಸಿದ. ಕೈ ಹಿಡಿಯ ಮೇಲೇ ಇತ್ತು, ಎಳೆಯಲಿಲ್ಲ ಅಷ್ಟೆ. "ಏನು?" ನಂಜುಂಡನ್ ಮೆಲ್ಲಗೆ ಕೇಳಿದ.

"ನೀನು ಎಳಿ."

ಆಚೆಯಿಂದ ಉಸಿರಿನ ಸದ್ದು ಮಾತ್ರ ಬಂತು. ಕೀರಲು ಉಸಿರು. ಅಲಗು ಒಂದು ಗೇಣು ಅತ್ತ ಸರಿದು ನಿಂತಿತು. ಮತ್ತೆ ಅಲುಗಲಿಲ್ಲ.

"ಎದೆ ಹಿಡೀತದೆ ಬೆಟ್ಟಯ್ಯ" ನಂಜುಂಡನ್ ಹೇಳಿದ, ಮರಕ್ಕೆ ಹೇಳುವವನ ಹಾಗೆ. "ವರ್ಷ ಆತು. ಎರಡು ಸಲ ಎಳೆದ್ರೆ ಕಣ್ಣು ಕತ್ಲೆ."

"ನನಗೆ ಯಾಕ್ ಹೇಳ್ಲಿಲ್ಲ? ಹೇಳಿದ್ರೆ ಎಳೀತಿರ್ಲಿಲ್ವಾ ನಾನು?"

"ನೀ ಎಳೀತಿದ್ದೆ. ಗೊತ್ತು ನಂಗೆ."

"ಮತ್ತೆ?"

"ನಿನ್ಗೆ ಒಂದಿನ ತಿಳಿದೇ ತಿಳೀತದೆ ಅಂತ ಭಯ. ನೀ ಸಾರ್‌ಗೆ ಹೇಳೋಕೆ ಮುಂಚೆ ನಾ ಹೇಳ್ದೆ. ಅಷ್ಟೇ."

"ನಾನು ಹೇಳ್ತಿದ್ನಾ? ನಾನು?"

ಅಂಗಳದಿಂದ ಜಗದೀಶ್ ಕೂಗಿದ, ಏನ್ರಯ್ಯಾ ಅದು, ಗಾಳಿ ಏಳ್ತಾ ಇದೆ, ಮಾತಾಡೋಕೆ ಮರವೇ ಸಿಕ್ಕಿದ್ದಾ ಎಂದು. ಗಾಳಿ ಎದ್ದಿತ್ತು ನಿಜ. ಮೇಲೆ ಕೊಂಬೆಗಳು ಬೆಳ್ಳಗೆ ಮಗುಚಿಕೊಳ್ಳುತ್ತಿದ್ದವು, ಕುಯ್ದ ಸಂದು ಸಣ್ಣಗೆ ಕಿರುಗುಟ್ಟುತ್ತಿತ್ತು. ಈಗ ಎದ್ದು ನಿಂತು ಕೈ ಕೊಡವಿದರೆ ಸಾಕು. ಒಂಟಿ ನಂಜುಂಡನಿಂದ ಒಂದಂಗುಲ ಸರಿಯುವುದಿಲ್ಲ, ಎಲ್ಲರ ಕಣ್ಣೆದುರು ನಿಜ ಹೊರಬೀಳುತ್ತದೆ. ಅಲಗು ಸಿಕ್ಕಿಕೊಂಡ ಅರ್ಧ ಮರ ಹೆಂಚಿನ ಮೇಲೋ, ಹಗ್ಗ ಹಿಡಿದ ಮಾದನ ಮೇಲೋ, ಎದೆ ಹಿಡಿದು ಕೂತ ಈ ಮನುಷ್ಯನ ಮೇಲೋ ಬೀಳುತ್ತದೆ. ಬೀಳಲಿ ಎಂದು ಒಂದು ಗಳಿಗೆ ಅವನಿಗೆ ನಿಜವಾಗಿಯೂ ಅನ್ನಿಸಿತು. ಆಮೇಲೆ ಅವನು ಕಾಲನ್ನು ಬೇರಿಗೆ ಒದ್ದುಕೊಂಡು ಎಳೆಯತೊಡಗಿದ. ತನ್ನನ್ನೂ ಎಳೆದ, ಗರಗಸವನ್ನೂ ಎಳೆದ, ಅದರ ತುದಿಗೆ ಜೋತುಬಿದ್ದವನನ್ನೂ ಎಳೆದ. ಈ ಸಲ ಗೊತ್ತಿದ್ದೂ ಎಳೆದ. ಹಾಗಾಗಿ ಭಾರ ಇನ್ನೂ ಹೆಚ್ಚಾಯಿತು. ಎದ್ದು ಬೆಣೆ ಹೊಡೆದ. ಮಾದನ್ ಹಗ್ಗ ಜಗ್ಗಿದ. ಮರ ಒಂದು ಕ್ಷಣ ಯೋಚಿಸಿ, ಮನೆಗೆ ಬೆನ್ನು ತಿರುಗಿಸಿ, ಖಾಲಿ ಜಾಗಕ್ಕೆ ಬಿತ್ತು. ಲಿಂಗಾಜಮ್ಮ ಹೆಂಚನ್ನು ನೋಡಿ ಕೈಮುಗಿದಳು.

ಜಗದೀಶ್ ಬಂದು ನಂಜುಂಡನ ಬೆನ್ನು ತಟ್ಟಿದ. "ಶಭಾಷ್! ಒಂದು ಕಡೆ ಆಳೇ ಇಲ್ಲದಿದ್ರೂ ಇಳಿಸಿಬಿಟ್ಟೆಯಲ್ಲಪ್ಪಾ. ಬೆವರು ನೋಡು ಹೆಂಗೆ ಹರೀತಿದೆ." ನಂಜುಂಡನ ಮುಖದಲ್ಲಿ ಬೆವರು ಹರಿಯುತ್ತಿದ್ದದ್ದು ಹೌದು, ಬಿಳಿಚಿದ ಮುಖದಲ್ಲಿ. ಬೆಟ್ಟಯ್ಯ ಕಾದ. ಅವನು ಕೇಳುತ್ತಿದ್ದದ್ದು ಹೆಚ್ಚೇನಲ್ಲ. ಜಗದೀಶನ ಎದುರು ಎಲ್ಲಾ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಇಲ್ಲ ಸಾರ್, ಅವನೂ ಎಳೆದ ಎಂದರೆ ಸಾಕಾಗಿತ್ತು. ಏನೂ ಹೇಳದೆ ತಲೆ ತಗ್ಗಿಸಿದ್ದರೂ ಸಾಕಾಗಿತ್ತು. ನಂಜುಂಡನ್ ಟವಲಿನಿಂದ ಮುಖ ಒರೆಸಿಕೊಂಡು, "ಹೆಂಗೋ ಅಡ್ಜಸ್ಟ್ ಮಾಡ್ಕೊಂಡೆ ಸಾರ್" ಎಂದ.

ಲಾರಿಗೆ ತುಂಬುವ ಗಲಾಟೆಯಲ್ಲಿ ಅವನೇ ಬಂದು ಬೆಟ್ಟಯ್ಯನ ಪಕ್ಕ ನಿಂತ. ಬೀಡಿ ತೆಗೆದ. ಬೆಟ್ಟಯ್ಯನ ಕೈ ಅಭ್ಯಾಸಬಲದಿಂದ ಬೆಂಕಿಪೊಟ್ಟಣಕ್ಕೆ ಹೋಯಿತು. ಜೇಬಿನೊಳಗೇ ಮುಷ್ಟಿ ಕಟ್ಟಿಕೊಂಡು ನಿಂತ. "ಇನ್ನೊಂದು ವರ್ಷ" ನಂಜುಂಡನ್ ಹೇಳಿದ. "ಮಗಳು ಸಿಂಧುಜಾ ಮದ್ವೆ ಒಂದು ಆಗ್ಲಿ. ಗರಗಸ ಬಿಟ್ಟ ಅಂತ ಗೊತ್ತಾದ್ರೆ ಹೆಣ್ಣು ಕೇಳೋಕೆ ಯಾರು ಬರ್ತಾರೆ? ನಾನೇ ಬಿಟ್ಬಿಡ್ತೀನಿ ಆಮೇಲೆ, ನೀ ಬಂದು ಕೂತ್ಕೋ. ನಿನ್ನ ಕಾಲ್ ಹಿಡೀತೀನಿ ಬೆಟ್ಟಯ್ಯ. ಮಾದನ್‌ಗೆ ಮಾತ್ರ ಹೇಳ್ಬೇಡ." ಕಾಲು ಹಿಡಿಯುವ ಮಾತು ಆಡುವಾಗಲೂ ಅವನ ಕಣ್ಣು ಲಾರಿಯ ಮೇಲಿದ್ದ ಮಾದನನ್ನು ಅಳೆಯುತ್ತಿತ್ತು. ಗಟ್ಟಿ ಆಳು, ಇನ್ನೊಂದು ವರ್ಷವೇನು, ಮೂರು ವರ್ಷ ಎಳೆದಾನು. ಬೆಟ್ಟಯ್ಯನಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಮಾದನ್ ಹಲ್ಲಿಗೆ ಅರ ಹಾಕುತ್ತಾನೆ, ಎಣ್ಣೆ ಹೆಚ್ಚಿಸುತ್ತಾನೆ, ಒಂದು ದಿನ ಬುತ್ತಿ ಬಿಚ್ಚಿ ಕೂತಾಗ ನನ್ನ ಭುಜ ಮುಗೀತು ನಂಜುಂಡಣ್ಣಾ ಎನ್ನುತ್ತಾನೆ. ಆಮೇಲೆ ಕೃತಜ್ಞನಾಗಿರುತ್ತಾನೆ.

ಬೆಟ್ಟಯ್ಯ ಹಗ್ಗ ಬಿಚ್ಚಲು ಹೋದ. ಲಾರಿ ಹೊರಟ ಮೇಲೆ, ಹಗ್ಗ ಸುತ್ತಿ ಬಲ ಹೆಗಲಿಗೆ ಹಾಕಿಕೊಂಡು, ರಸ್ತೆಗೆ ಇಳಿಯುವ ಕಾಲುದಾರಿಯಲ್ಲಿ ಮಾದನ್ ಒಬ್ಬನೇ ಸಿಕ್ಕುವವರೆಗೆ ಕಾದ. ಮಂಜು ಹಬ್ಬುತ್ತಿತ್ತು. ಹೇಗೆ ಹೇಳುವುದು ಎಂದು ಎಷ್ಟೋ ಬಗೆಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ. ಬಾಯಿ ತೆರೆದಾಗ ಎಲ್ಲವೂ ಮರೆತುಹೋಗಿ ಬರೀ ಇಷ್ಟು ಬಂತು: "ಮಾದಾ, ನಾಳೆಯಿಂದ ಗರಗಸ ಭಾರ ಅನ್ಸಿದ್ರೆ ಅದು ನಿನ್ನ ಕೈ ಅಲ್ಲ ಕಣಪ್ಪಾ. ಎದುರಿನ ಕೈ. ನನ್ನ ಭುಜಕ್ಕೆ ಏನೂ ಆಗಿಲ್ಲ. ಮಧ್ಯಾಹ್ನ ನನ್ನ ಜೊತೆ ಕುಯ್ದಾಗ ಎಷ್ಟು ಹಗುರ ಇತ್ತು, ನೀನೇ ನೋಡಿದೆಯಲ್ಲ."

ಮಾದನ್ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿದ. ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಕೋಪವಿರಲಿಲ್ಲ. ಕಾಯಿಲೆಯವರನ್ನು ನೋಡಲು ಬಂದವರ ಮುಖದಲ್ಲಿರುತ್ತದಲ್ಲ, ಅಂಥ ಒಂದು ಮೆತ್ತಗಿನ ಭಾವ ಇತ್ತು.

"ಬಿದ್ದಿರೋ ದಿಮ್ಮಿ ಬೇರೆ, ನಿಂತಿರೋ ಮರ ಬೇರೆ ಅಲ್ವಾ ಅಣ್ಣಾ" ಎಂದ. "ನೀವು ಹಿಂಗೆ ಹೇಳ್ಬೋದು ಅಂತ ಬೆಳಿಗ್ಗೆನೇ ನಂಜುಂಡಣ್ಣ ಹೇಳಿದ್ರು. ಹೇಳಿದ್ರೂ ಎದುರು ಮಾತಾಡ್ಬೇಡ, ಪಾಪ, ಇಷ್ಟು ವರ್ಷ ಹಿಡಿದ ಗರಗಸ ಬಿಡೋದು ಅವನಿಗೆ ಕಷ್ಟ ಆಗ್ತದೆ ಅಂದ್ರು. ಒಳ್ಳೇ ಮನುಷ್ಯ."

ಬೆಳಿಗ್ಗೆನೇ. ತನಗೇ ಇನ್ನೂ ಗೊತ್ತಾಗದಿದ್ದ ಹೊತ್ತಿನಲ್ಲಿ. ಇನ್ನು ಏನು ಹೇಳಿದರೂ ಅದು ನಂಜುಂಡನ್ ಮೊದಲೇ ಹೇಳಿಟ್ಟ ಮಾತಾಗುತ್ತದೆ.

"ಕೊಡಿ ಅಣ್ಣಾ, ಹಗ್ಗ ನಾ ತರ್ತೀನಿ. ಆ ಭುಜದ ಮೇಲೆ ಯಾಕೆ ಹಾಕ್ಕೊಂಡ್ರಿ" ಎಂದು ಮಾದನ್ ಕೈಚಾಚಿದ.

ಬೆಟ್ಟಯ್ಯ ಕೊಟ್ಟ.